ಗರಗಸದ ಆಚೆ ಬದಿಯವನು

ನನ್ನ ಕೋಣೆಯ ಮೇಜನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಹಾಗೆ ಬಿಗಿಯುವ ಮೊದಲು ಒಬ್ಬ ಲಾರಿ ಡ್ರೈವರ್ ಅದನ್ನೆತ್ತಿ ನನ್ನ ಮೇಲೆ ಎಸೆದಿದ್ದ; ಎಡಭುಜ ಈಗಲೂ ಚಳಿಗೆ ನೋಯುತ್ತದೆ. ಗೋಡೆಯ ಮೇಲೆ ಗಡಿಯಾರವಿಲ್ಲ, ಮೇಜಿನ ಮೇಲೆ ಭಾರದ ವಸ್ತು ಒಂದೂ ಇಲ್ಲ, ನೀರು ಕೊಡುವುದು ಕಾಗದದ ಲೋಟದಲ್ಲಿ. ಬಾಗಿಲಿಗೆ ಹತ್ತಿರದ ಕುರ್ಚಿ ಯಾವಾಗಲೂ ನನ್ನದು. ಕುಡಿತ ಬಿಡಿಸುವ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಆಪ್ತಸಮಾಲೋಚಕಿಯಾಗಿ ಕೂತವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಮೇಲೆ ಬಿದ್ದವರನ್ನೂ ಕಾಲಿಗೆ ಬಿದ್ದವರನ್ನೂ ಒಂದೇ ಮುಖ ಇಟ್ಟುಕೊಂಡು ನೋಡುವುದು ಅಭ್ಯಾಸವಾಗಿದೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ, ಅದು ನನ್ನ ಹುಟ್ಟುಗುಣ.

ಇಷ್ಟೆಲ್ಲ ಬಲ್ಲವಳು ಒಂದು ಪತ್ರ ಬರೆದೆ. ಆ ಪತ್ರದಿಂದ ಒಬ್ಬನ ಕೈ ಹೋಯಿತು. ಸುತ್ತಿ ಬಳಸಿ ಹೇಳುವುದು ನನ್ನಿಂದಾಗದು, ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ಅವನನ್ನು ನನ್ನ ಹತ್ತಿರ ಕಳಿಸಿದ್ದು ಮರ ಕೊಯ್ಯುವ ಮಿಲ್ಲಿನ ಮಾಲೀಕ. ಎಲ್ಲರೂ ಅವನನ್ನು ಪುಟ್ಟ ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಒಂದೊಂದು ಅಂಗೈ ಒಂದೊಂದು ಮೊರದಷ್ಟು ಅಗಲ. ಆ ಹೆಸರಿಟ್ಟವರು ಅವನನ್ನು ತೊಟ್ಟಿಲಲ್ಲಿ ಬಿಟ್ಟರೆ ಆಮೇಲೆ ನೋಡಿಯೇ ಇರಲಿಕ್ಕಿಲ್ಲ.

ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುವುದು ಇಬ್ಬರ ಕೆಲಸ. ಗರಗಸದ ಈಚೆ ನಿಂತವನು ಮರ ಒಳಗೆ ತಳ್ಳುತ್ತಾನೆ, ಆಚೆ ನಿಂತವನು ಕೊಯ್ದು ಬಂದ ಹಲಗೆಯನ್ನು ಎಳೆದುಕೊಳ್ಳುತ್ತಾನೆ. ಗರಗಸ ತಿರುಗುತ್ತಿದ್ದರೆ ಕಿವಿ ಹತ್ತಿರ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅವರದೊಂದು ಪದ್ಧತಿ: ಎಳೆಯುವವನು ಎಳೆಯುವ ಮುಂಚೆ ಹಲಗೆಗೆ ಅಂಗೈಯಿಂದ ಎರಡು ಸಲ ತಟ್ಟಬೇಕು. ಆ ತಟ್ಟುವಿಕೆ ಮರದೊಳಗಿಂದ ಹಾದು ಈಚೆಯವನ ಕೈಗೆ ಬರುತ್ತದೆ, ಅವನು ಕೈ ಹಿಂದಕ್ಕೆ ತೆಗೆಯುತ್ತಾನೆ. ಪುಟ್ಟನ ಅಣ್ಣ ಆ ಮಿಲ್ಲಿನ ಮೇಸ್ತ್ರಿ. ಹದಿಮೂರು ವರ್ಷ ಅಣ್ಣ ತಳ್ಳಿದ, ತಮ್ಮ ಎಳೆದ. ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪುಟ್ಟ ಕುಡಿದು ಬಂದು ನಿಂತ, ತಟ್ಟುವುದನ್ನು ಮರೆತು ಎಳೆದ. ಮೇಸ್ತ್ರಿಯ ಬಲಗೈಯ ಮೂರು ಬೆರಳು ಹಲಗೆಯ ಜೊತೆಗೇ ಆಚೆ ಬದಿಗೆ ಬಂದು ತಮ್ಮನ ಎದುರಿಗೆ ಬಿದ್ದವು.

ಮಾಲೀಕ ಪುಟ್ಟನನ್ನು ಹೊರಗೆ ಹಾಕಿದ್ದ. ಈಗ ಮೇಸ್ತ್ರಿಯೇ ದುಂಬಾಲು ಬಿದ್ದು, ತಮ್ಮನನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳುತ್ತಿದ್ದಾನಂತೆ. ಪುಟ್ಟ ಗರಗಸದ ಮುಂದೆ ನಿಲ್ಲಬಹುದು ಎಂದು ನಾನು ಬರೆದುಕೊಟ್ಟರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದು ಮಾಲೀಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ.

ಕುಡಿತ ಚಟವೋ ಕಾಯಿಲೆಯೋ ಎಂದು ತೂಗಿ ನೋಡಲು ನಮ್ಮಲ್ಲಿ ಹನ್ನೊಂದು ಪ್ರಶ್ನೆಗಳಿವೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿದದ್ದುಂಟಾ, ಬಿಡಬೇಕೆಂದು ಹೊರಟು ಸೋತದ್ದುಂಟಾ, ಕುಡಿಯದಿದ್ದರೆ ಕೈ ನಡುಗುತ್ತದಾ, ಮೊದಲಿನ ಅಳತೆ ಈಗ ಸಾಲದೇ ಹೋಗಿದೆಯಾ, ಹೀಗೆ. ಎರಡೋ ಮೂರೋ ಹೌದು ಬಂದರೆ ಸಣ್ಣದು, ನಾಲ್ಕೈದು ಬಂದರೆ ನಡುವಿನದು, ಆರೋ ಅದಕ್ಕಿಂತ ಹೆಚ್ಚೋ ಬಂದರೆ ಜೋರು. ಓದಿ ಹೇಳಲು ಹತ್ತು ನಿಮಿಷ ಸಾಕು. ಆದರೆ ಕುಡಿಯುವವರಷ್ಟು ಚೆನ್ನಾಗಿ ಸುಳ್ಳು ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ, ಹಾಗಾಗಿ ನಾನು ಒಂದೊಂದಕ್ಕೂ ಅರ್ಧ ಗಂಟೆ ಹಿಡಿಯುತ್ತೇನೆ.

ಪುಟ್ಟ ಸುಳ್ಳು ಹೇಳಲಿಲ್ಲ. ಮಂಡಿಗಳ ನಡುವೆ ಕೈ ಸಿಕ್ಕಿಸಿಕೊಂಡು, ಕೇಳಿದ್ದಕ್ಕೆಲ್ಲ ನಿಧಾನವಾಗಿ ಯೋಚಿಸಿ ಉತ್ತರ ಕೊಟ್ಟ. ಬೆರಳುಗಳು ಹೋದ ದಿನದಿಂದ ಎರಡು ತಿಂಗಳು ವಿಪರೀತ ಕುಡಿದನಂತೆ, ಆಮೇಲೆ ತಾನಾಗಿಯೇ ಕಡಿಮೆ ಮಾಡಿದನಂತೆ, ಈಗ ಐದು ವಾರದಿಂದ ಮುಟ್ಟಿಲ್ಲವಂತೆ. ರಕ್ತದ ಪರೀಕ್ಷೆ ಮಾಡಿಸಿದೆ, ಅದೂ ಹಾಗೇ ಹೇಳಿತು. ಇದರಿಂದ ಮನೆಯವರ ಜೊತೆ ಸಂಬಂಧ ಕೆಟ್ಟದ್ದುಂಟಾ ಎಂಬ ಪ್ರಶ್ನೆ ಬಂದಾಗ ಮಾತ್ರ ಅವನು ಎದ್ದು ನಿಂತ. ಗೋಡೆಯ ಹತ್ತಿರ ಹೋಗಿ, ಎರಡೂ ಕೈ ಗೋಡೆಗೆ ಊರಿ, ಹಣೆಯನ್ನು ಧಡಾರನೆ ಅಪ್ಪಳಿಸಿಕೊಂಡ. ಮತ್ತೊಮ್ಮೆ. ಮೂರನೆಯ ಸಲಕ್ಕೆ ಗೋಡೆಯ ಸುಣ್ಣ ಉದುರಿತು, ರಕ್ತ ಹುಬ್ಬಿನ ಮೇಲಿಂದ ಇಳಿದು ಬಾಯಿಗೆ ಹೋಯಿತು. ನಾನು ಹಿಂದಿನಿಂದ ಅಂಗಿ ಹಿಡಿದು ಎಳೆದರೆ ಅಂಗಿ ಹರಿಯಿತೇ ಹೊರತು ಆಳು ಕದಲಲಿಲ್ಲ. ನಾಲ್ಕು ಜನ ಬಂದು ಕೆಳಗೆ ಕೆಡವಿ ಮೇಲೆ ಕೂರಬೇಕಾಯಿತು.

ನೆಲದ ಮೇಲೆ ಮಲಗಿದ್ದಂತೆಯೇ ಅವನು ಹೇಳಿದ: "ಆಸ್ಪತ್ರೆಯಿಂದ ಬಂದ ದಿನ ಅಣ್ಣ ಎಡಗೈಲಿ ಮರದ ರೀಪು ತಗೊಂಡು ಹೊಡೆದ ಮೇಡಂ. ಎರಡು ಪಕ್ಕೆಲುಬು ಮುರೀತು. ಅದೇನೂ ಪರವಾಗಿಲ್ಲ. ಅವತ್ತಿಂದ ಒಂದು ಮಾತಾಡಿಲ್ಲ. ಒಂದೇ ಮನೆ, ಒಂದೇ ಜಗಲಿ ಮೇಲೆ ಮಲಗ್ತೀವಿ. ಒಂದು ಮಾತಿಲ್ಲ."

ಹೊಡೆದವನ ಸಿಟ್ಟು ಹೊಡೆತದಲ್ಲೇ ಹೊರಟುಹೋಯಿತು ಎಂದುಕೊಂಡೆ ನಾನು. ಮೊದಲ ತಪ್ಪು ಅದು. ಲೆಕ್ಕ ಹಾಕಿದೆ, ಐದು ಹೌದು. ನಡುವಿನದು.

ನಮ್ಮ ಕೆಲಸದಲ್ಲಿ ಕುಡಿಯುವವನ ಮಾತೊಂದನ್ನೇ ನೆಚ್ಚುವ ಹಾಗಿಲ್ಲ, ಮನೆಯವರನ್ನೂ ಬೇರೆಯಾಗಿ ಕೂರಿಸಿ ಅವೇ ಪ್ರಶ್ನೆಗಳನ್ನು ಕೇಳಬೇಕು. ಮೇಸ್ತ್ರಿ ಮಾರನೆಯ ದಿನ ಬಂದ. ಒಗೆದ ಅಂಗಿ, ಒಪ್ಪವಾಗಿ ಬಾಚಿದ ತಲೆ, ಎರಡೇ ಬೆರಳಿನ ಬಲಗೈ ಮೇಜಿನ ಮೇಲೆ. ಅಂಥ ಕೈಯನ್ನು ಜನ ಜೇಬಿನಲ್ಲಿ ಬಚ್ಚಿಡುತ್ತಾರೆ, ಇವನು ಬಚ್ಚಿಡಲಿಲ್ಲ. ಹನ್ನೊಂದಕ್ಕೂ ಅವನದು ಒಂದೇ ಉತ್ತರ, "ಇಲ್ಲ ಮೇಡಂ." ತಮ್ಮ ಹೆಚ್ಚು ಕುಡಿಯುವುದಿಲ್ಲ, ಜಗಳವಾಡುವುದಿಲ್ಲ, ಕೈ ನಡುಗುವುದಿಲ್ಲ, ಬಂಗಾರದಂಥ ಹುಡುಗ. ನಿಮ್ಮ ಬೆರಳು ಹೋದದ್ದು ಹೇಗೆ ಎಂದು ಕೇಳಿದೆ. ಅದು ನನ್ನದೇ ತಪ್ಪು, ಅವನು ತಟ್ಟಿದ್ದ, ನಾನೇ ಗಮನ ಕೊಡಲಿಲ್ಲ ಎಂದ. ಹಾಗಾದರೆ ಮಾತು ಯಾಕೆ ಬಿಟ್ಟಿರಿ ಎಂದೆ.

"ಅವನು ಬಂದು ನನ್ನೆದುರಿಗೆ ನಿಂತ್ರೆ ಎಲ್ಲ ಸರಿಹೋಗುತ್ತೆ ಮೇಡಂ," ಅಂದ. "ನನಗಿನ್ನು ತಳ್ಳೋಕಾಗಲ್ಲ. ಅವನು ಈಚೆ ನಿಂತು ತಳ್ಳಲಿ, ನಾನು ಆಚೆ ನಿಂತು ಎಳೀತೀನಿ. ಅಷ್ಟು ಮಾಡಿಕೊಡಿ."

ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಒಂದು ಸೂತ್ರ ಹೇಳಿಕೊಡುತ್ತಿದ್ದೆ. ಮನೆಯವರು ಕುಡುಕನ ಮೇಲೆ ಇಲ್ಲದ್ದನ್ನೂ ಸೇರಿಸಿ ಚಾಡಿ ಹೇಳಿದರೆ ಅದು ಸಿಟ್ಟು, ಅಂಥ ಮನೆಗೆ ಕಳಿಸಬೇಡಿ. ಇರುವುದನ್ನೂ ಮುಚ್ಚಿಟ್ಟರೆ ಅದು ಪ್ರೀತಿ, ಆ ಮನೆ ಅವನನ್ನು ಕೈಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಈ ಸೂತ್ರ ನನಗೆ ಕೈಕೊಟ್ಟಿರಲಿಲ್ಲ. ಹೆಂಡತಿಯರು ಮುಚ್ಚಿಟ್ಟದ್ದನ್ನು ನೋಡಿದ್ದೆ, ತಾಯಂದಿರು ಮುಚ್ಚಿಟ್ಟದ್ದನ್ನು ನೋಡಿದ್ದೆ. ದ್ವೇಷಕ್ಕೂ ಮುಚ್ಚಿಡಲು ಬರುತ್ತದೆ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ತನ್ನ ಬೆರಳು ತಿಂದವನ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಂಡ ಅಣ್ಣ ನನ್ನೆದುರಿಗೆ ಕೂತಿದ್ದ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮನುಷ್ಯ ಎದ್ದು ಹೋದ ಮೇಲೆ ಕಣ್ಣು ಒರೆಸಿಕೊಂಡೆ.

ಪತ್ರ ಬರೆದೆ. ಪುಟ್ಟ ಕೆಲಸಕ್ಕೆ ಹೋಗಬಹುದು. ವಾರಕ್ಕೊಮ್ಮೆ ನನ್ನಲ್ಲಿಗೆ ಬರಬೇಕು. ದಿನಾ ಬೆಳಿಗ್ಗೆ ಗರಗಸ ಶುರುವಾಗುವ ಮುಂಚೆ ಅವನ ಉಸಿರು ಮೂಸಿ ನೋಡಿ, ಕುಡಿದಿಲ್ಲವೆಂದು ಕಾರ್ಡಿನಲ್ಲಿ ಸಹಿ ಹಾಕುವ ಹೊಣೆ ಅವನ ಅಣ್ಣನದು. ಕೊನೆಯಲ್ಲಿ, ಕೇಳದಿದ್ದರೂ, ಅಣ್ಣನೇ ಇವನಿಗೆ ದೊಡ್ಡ ಆಸರೆ ಎಂದು ಒಂದು ಸಾಲು ಸೇರಿಸಿದೆ. ಸಹಿ ಹಾಕಿ ಮೊಹರು ಒತ್ತಿದೆ.

ಮೊದಲ ವಾರ ಪುಟ್ಟ ಬಂದಾಗ ಮುಖ ಅರಳಿತ್ತು. ಅಣ್ಣ ಮಾತಾಡುತ್ತಾನೆ ಎಂದ. ಏನು ಮಾತಾಡುತ್ತಾನೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಎರಡನೆಯ ವಾರ ಬರಲಿಲ್ಲ, ಮಿಲ್ಲಿನಲ್ಲಿ ಕೆಲಸ ಜಾಸ್ತಿ ಎಂದು ಮೇಸ್ತ್ರಿ ಫೋನು ಮಾಡಿದ. ಮೂರನೆಯ ವಾರವೂ ಅದೇ ಫೋನು ಬಂತು. ನನಗೆ ರೇಗಿತು. ಯಾರಿಗೂ ಹೇಳದೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಮಿಲ್ಲಿಗೆ ಹೋದೆ.

ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಗಾಳಿಯಲ್ಲೆಲ್ಲ ಮರದ ಪುಡಿ, ಹಸಿ ಮರದ ಘಾಟು. ಮಾಲೀಕ ಕುರ್ಚಿಯಿಂದ ಏಳದೆಯೇ, ಮೇಸ್ತ್ರಿ ತಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಾನೆ ಎಂದು ಹೊಗಳಿದ. ಕಾರ್ಡು ತೋರಿಸಿದ. ಹದಿನೇಳು ದಿನ, ಹದಿನೇಳು ಸಹಿ, ಎಡಗೈಯ ಸೊಟ್ಟ ಅಕ್ಷರ. ಚಹಾದ ಬಿಡುವು ಆಗಷ್ಟೇ ಮುಗಿದಿತ್ತು. ಅಣ್ಣತಮ್ಮಂದಿರು ನನ್ನ ಕಡೆ ಬೆನ್ನು ಮಾಡಿ ಗರಗಸದತ್ತ ಹೋಗುತ್ತಿದ್ದರು. ಪುಟ್ಟನ ಹೆಜ್ಜೆ ನೆಟ್ಟಗಿರಲಿಲ್ಲ. ಒಂದು ಕಡೆ ದಿಮ್ಮಿಗೆ ಎಡವಿದ, ಅಣ್ಣ ತೋಳು ಹಿಡಿದು ನಿಲ್ಲಿಸಿದ.

ಅವರು ಕೂತಿದ್ದ ಹಲಗೆಯ ಮೇಲೆ ಫ್ಲಾಸ್ಕೂ ಎರಡು ಲೋಟಗಳೂ ಇದ್ದವು. ಒಂದು ಲೋಟ ಎತ್ತಿ ಮೂಸಿದೆ, ಬರೀ ಚಹಾ. ಇನ್ನೊಂದನ್ನು ಎತ್ತಿದೆ. ಮೂಗು ಉರಿದುಹೋಯಿತು, ಅರ್ಧಕ್ಕರ್ಧ ಸಾರಾಯಿ.

ಆಗ ಮೇಸ್ತ್ರಿಯ ಹನ್ನೊಂದು ಇಲ್ಲಗಳೂ ಒಟ್ಟಿಗೇ ಅರ್ಥವಾದವು. ಓಡಿದೆ. ಅಷ್ಟರಲ್ಲಿ ಗರಗಸ ಕಿರುಚಲು ಶುರುಮಾಡಿತ್ತು, ನಾನು ಕೂಗಿದ್ದು ನನಗೇ ಕೇಳಲಿಲ್ಲ. ಪುಟ್ಟ ಈಚೆ ನಿಂತು ಹಲಗೆ ತಳ್ಳುತ್ತಿದ್ದ, ಕಣ್ಣು ಅರ್ಧ ಮುಚ್ಚಿತ್ತು. ಮೇಸ್ತ್ರಿ ಆಚೆ ನಿಂತಿದ್ದ. ಅವನು ಹಲಗೆಯನ್ನು ನೋಡುತ್ತಿರಲಿಲ್ಲ, ತಮ್ಮನ ಕೈಯನ್ನು ನೋಡುತ್ತಿದ್ದ. ಹಲಗೆ ಮುಗಿಯುವ ಹೊತ್ತಿಗೆ ತಟ್ಟಲಿಲ್ಲ. ಎಳೆಯಲೂ ಇಲ್ಲ. ಎಡಗೈಯನ್ನು ಗರಗಸದ ಪಕ್ಕದಿಂದ ಮುಂದೆ ಚಾಚಿ ತಮ್ಮನ ಬಲ ಮಣಿಕಟ್ಟನ್ನು ಹಿಡಿದ. ಹಿಡಿದು, ಕಾಲು ಊರಿ, ಮೈಯ ಭಾರವನ್ನೆಲ್ಲ ಹಾಕಿ ತನ್ನ ಕಡೆಗೆ ಎಳೆದ.

ಪುಟ್ಟ ಅವನಿಗಿಂತ ಎರಡರಷ್ಟು ಬಲಶಾಲಿ. ಮನಸ್ಸು ಮಾಡಿದ್ದರೆ ಒಂದೇ ಕೈಯಿಂದ ಅಣ್ಣನನ್ನು ಎತ್ತಿ ಎಸೆಯಬಹುದಿತ್ತು. ಅವನು ಕಣ್ಣು ತೆರೆದು ಅಣ್ಣನ ಮುಖ ನೋಡಿದ. ಕೈ ಕೊಸರಲಿಲ್ಲ.

ಗರಗಸದ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಏರಿತು. ರಕ್ತ ಚಾವಣಿಯ ತಗಡಿಗೆ ಹಾರಿತು, ನನ್ನ ಕನ್ನಡಕಕ್ಕೆ ಬಂತು, ಬಾಯಿಗೂ ಬಂತು. ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ಹಾರೆ ಕೈಗೆ ಸಿಕ್ಕಿತು. ಮೇಸ್ತ್ರಿ ಇನ್ನೂ ಹಿಡಿದುಕೊಂಡೇ ಇದ್ದ. ಬೀಸಿ ಅವನ ಹೆಗಲಿಗೆ ಹೊಡೆದೆ. ಮೂಳೆ ಮುರಿದದ್ದು ಹಾರೆಯಿಂದ ನನ್ನ ಕೈಗೆ ಬಂತು. ಅವನು ಬಿದ್ದ. ಬಿದ್ದವನ ಬೆನ್ನಿಗೆ ಇನ್ನೊಂದು ಕೊಟ್ಟೆ, ತೊಡೆಗೆ ಮತ್ತೊಂದು. ಮೊದಲ ಏಟು ಬಿಡಿಸುವುದಕ್ಕೆ; ಉಳಿದೆರಡು ಯಾತಕ್ಕೆಂದು ನನಗೆ ಗೊತ್ತಿದೆ, ಅದಕ್ಕೆ ನೆಪ ಹುಡುಕುವುದಿಲ್ಲ. ಯಾರೋ ಸ್ವಿಚ್ಚು ಆರಿಸಿದರು. ಸದ್ದು ಪೂರ್ತಿ ನಿಂತ ಮೇಲೆ ಕೇಳಿಸಿದ್ದು ಪುಟ್ಟನ ದನಿ. ಅವನು ನೋವಿಗೆ ಕೂಗುತ್ತಿರಲಿಲ್ಲ, ಅಣ್ಣನನ್ನು ಹೊಡೀಬೇಡಿ ಎನ್ನುತ್ತಿದ್ದ.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಅವನನ್ನು ನೋಡಿದೆ. ಮಣಿಕಟ್ಟಿನಿಂದ ಕೆಳಗೆ ಏನೂ ಇರಲಿಲ್ಲ, ದಪ್ಪನೆಯ ಬ್ಯಾಂಡೇಜು ದಿಂಬಿನ ಮೇಲಿತ್ತು. ಹೇಳಿಕೆ ಬರೆದುಕೊಳ್ಳಲು ಪೊಲೀಸಿನವನು ಹೊರಗೆ ಬೆಂಚಿನ ಮೇಲೆ ನನಗಾಗಿ ಕಾಯುತ್ತಿದ್ದ. ಪುಟ್ಟನ ಮುಂದೆ ನಾನು ಕ್ಷಮೆ ಕೇಳಿದೆ. ಅವನಿಗೆ ಅದು ಬೇಕಿರಲಿಲ್ಲ. ತಾನು ಕುಡಿದಿದ್ದೆ, ಕೈ ಜಾರಿತು, ಅಣ್ಣ ಬಿಡಿಸಲು ಬಂದ, ಹಾಗೆಂದು ಹೇಳಿ ಎಂದ. ಚಹಾದಲ್ಲಿ ಏನಿದೆಯೆಂದು ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳಿದೆ.

"ಮೊದಲ ದಿನಾನೇ ಗೊತ್ತಾಯ್ತು," ಅಂದ. "ಅಣ್ಣ ಲೋಟ ಮುಂದಿಟ್ಟು 'ಕುಡಿ' ಅಂದ. ಏಳು ತಿಂಗಳಾದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಮೇಡಂ ಅದು. ಬೇಡ ಅಂತ ಹೇಗನ್ನಲಿ? ದಿನಾ ಕೊಟ್ಟ, ದಿನಾ ಕುಡಿದೆ. ಈಗ ಸಮ ಆಯ್ತು. ಅದನ್ನ ನೀವು ಕೆಡಿಸಬೇಡಿ."

ಸಮವಾಗಲಿಲ್ಲ ಕಣೋ, ಅವನದು ಮೂರು ಬೆರಳು, ನಿನ್ನದು ಪೂರ್ತಿ ಕೈ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೊರಗೆ ಹೋಗಿ ಪೊಲೀಸಿನವನಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಲೋಟ, ಮಣಿಕಟ್ಟು, ಊರಿದ ಕಾಲು, ನನ್ನ ಹಾರೆಯ ಮೂರು ಏಟು, ಒಂದನ್ನೂ ಬಿಡಲಿಲ್ಲ. ಪುಟ್ಟ ಬದುಕಬೇಕಾದರೆ ಅವನ ಅಣ್ಣ ಅವನಿಂದ ದೂರ ಇರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊಕದ್ದಮೆ ಒಂದು ವರ್ಷ ನಡೆಯಿತು. ಅಷ್ಟೂ ದಿನ ಮೇಸ್ತ್ರಿ ಒಳಗಿದ್ದ, ಪುಟ್ಟ ನಮ್ಮ ಕೇಂದ್ರದಲ್ಲೇ ಇದ್ದ. ಒಂದು ಹನಿ ಮುಟ್ಟಲಿಲ್ಲ. ಎಡಗೈಯಲ್ಲಿ ಗುಂಡಿ ಹಾಕುವುದು ಕಲಿತ, ಬರೆಯುವುದು ಕಲಿತ, ಅಂಗಳ ಗುಡಿಸಿದ. ನನ್ನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ನಾನು ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದ. ಅವನು ಅದನ್ನು ಎಲ್ಲಿ ಕಲಿತನೆಂದು ನಾನು ಕೇಳಬೇಕಾಗಿರಲಿಲ್ಲ.

ಕೋರ್ಟಿನಲ್ಲಿ ಮೇಸ್ತ್ರಿಯ ವಕೀಲ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಹಾರೆ ಹಿಡಿದವರು ಯಾರು ಎಂದು ನನ್ನನ್ನು ಕೇಳಿದ, ನಾನು ಎಂದೆ. ಬಿದ್ದವನಿಗೆ ಹೊಡೆದವರು ಯಾರು ಎಂದ, ಅದೂ ನಾನೇ ಎಂದೆ. ಮಿಲ್ಲಿನ ಒಬ್ಬ ಆಳನ್ನು ಬಿಟ್ಟರೆ ಬೇರೆ ಯಾರೂ ಮಣಿಕಟ್ಟು ಹಿಡಿದದ್ದನ್ನು ನೋಡಿರಲಿಲ್ಲ, ಆ ಒಬ್ಬನೂ ಬಿಡಿಸಲು ಹಿಡಿದ ಹಾಗಿತ್ತು ಎಂದ. ಆಮೇಲೆ ವಕೀಲ ನನ್ನ ಪತ್ರವನ್ನು ತೆಗೆದು, ಅಣ್ಣನೇ ಇವನಿಗೆ ದೊಡ್ಡ ಆಸರೆ ಎಂಬ ಸಾಲನ್ನು ನನ್ನ ಬಾಯಿಂದಲೇ ಓದಿಸಿದ. ಇದು ನಿಮ್ಮ ಸಹಿಯೇ ಎಂದ. ಹೌದು ಎಂದೆ. ಪುಟ್ಟ ಕಟಕಟೆ ಹತ್ತಿ, ತಾನು ಮನೆಯಿಂದಲೇ ಕದ್ದು ಕುಡಿದು ಬಂದಿದ್ದೆ, ಅಣ್ಣ ಜೀವ ಉಳಿಸಿದ, ಈ ಮೇಡಂ ಹೇಳುವುದೆಲ್ಲ ಸುಳ್ಳು ಎಂದು ಸ್ಪಷ್ಟವಾಗಿ ಹೇಳಿದ. ಮೇಸ್ತ್ರಿಯನ್ನು ಬಿಟ್ಟರು.

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕೋರ್ಟಿನ ಮೆಟ್ಟಿಲ ಮೇಲೆ ಅಣ್ಣತಮ್ಮಂದಿರು ಪಕ್ಕಪಕ್ಕ ಕೂತಿದ್ದರು. ಮೇಸ್ತ್ರಿ ಯಾರದೋ ಕೈಯಿಂದ ತರಿಸಿಕೊಂಡ ಚಪ್ಪಟೆ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿ, ಮುಚ್ಚುಮರೆಯಿಲ್ಲದೆ, ತಮ್ಮನ ಮುಂದೆ ಹಿಡಿದ. ಒಂದು ವರ್ಷ ಮುಟ್ಟದಿದ್ದವನು ಎಡಗೈ ಚಾಚಿದ.

ನನ್ನ ಸಿಟ್ಟು ನೆತ್ತಿಗೇರಿತು. ಮೆಟ್ಟಿಲು ಇಳಿದು ಹೋಗಿ ಬಾಟಲಿ ಕಿತ್ತುಕೊಂಡು ಕಲ್ಲಿಗೆ ಅಪ್ಪಳಿಸಿದೆ. ಗಾಜು ಸಿಡಿದು ನನ್ನ ಅಂಗೈ ಸೀಳಿತು. ಪುಟ್ಟ ಎದ್ದು ನಿಂತು, ಆ ಮೊರದಗಲದ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಮೂರು ಮೆಟ್ಟಿಲು ಕೆಳಗೆ ಹೋಗಿ ಬಿದ್ದೆ. ಬಾಯಲ್ಲಿ ಒಂದು ಹಲ್ಲು ಅಲ್ಲಾಡಿತು, ಕಿವಿಯೊಳಗೆ ಗುಂಯ್ ಎಂದಿತು.

ಅವನು ನನ್ನ ಕಡೆ ನೋಡಲೂ ಇಲ್ಲ. ಏಳಲು ಹೊರಟಿದ್ದ ಅಣ್ಣನ ಮುಂದೆ ಮಂಡಿಯೂರಿ ಕೂತ.

"ಅಣ್ಣಾ, ಹೋಗಬೇಡ. ಇಲ್ಲೇ ಕೂತಿರು. ನಾನು ಓಡಿಹೋಗಿ ಇನ್ನೊಂದು ತರ್ತೀನಿ. ಕೂತಿರ್ತೀಯಾ?"

ಮೇಸ್ತ್ರಿ ಅವನ ಮುಖವನ್ನೂ ಕೈಯಿಲ್ಲದ ಬಲತೋಳನ್ನೂ ಒಮ್ಮೆ ನೋಡಿದ.

"ಹೂಂ," ಅಂದ.

ಪುಟ್ಟನಿಗೆ ಅಷ್ಟು ಸಾಕಾಗಿತ್ತು. ಬಿದ್ದಲ್ಲಿಂದಲೇ ಅವನ ಮುಖ ನೋಡಿದೆ. ಆ ಒಂದು ವರ್ಷದಲ್ಲಿ ಅಂಥ ಸಂತೋಷವನ್ನು ನಾನು ಅವನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದು, ರಸ್ತೆ ದಾಟಿ, ಅಂಗಡಿಯ ಕಡೆಗೆ ಓಡಿದ.